ಹಾಲಿನ ಪುಸ್ತಕದ ಹೆಬ್ಬೆಟ್ಟು

ಕಾಗದ ಬಂದ ದಿನ ಗಂಡ ಅದನ್ನು ಯಾರಿಗೂ ತೋರಿಸಲಿಲ್ಲ. ಊಟಕ್ಕೆ ಕೂತವನು ತಟ್ಟೆಯ ಕೆಳಗೆ ಸಿಕ್ಕಿಸಿಕೊಂಡ, ತಟ್ಟೆ ಅಲ್ಲಾಡದಿರಲಿ ಎಂದು ಇಟ್ಟವನ ಹಾಗೆ. ಎರಡನೇ ಸಲ ಅನ್ನ ಬಡಿಸುವಾಗ ಹೆಂಡತಿಯ ಕಣ್ಣಿಗೆ ಅದರ ಮೂಲೆ ಬಿತ್ತು. ಆ ಮನೆಗೆ ಸೊಸೆಯಾಗಿ ಬಂದು ಮೂವತ್ತೊಂದು ವರ್ಷವಾಗಿದ್ದರೂ ಬೀದಿಯಲ್ಲಿ ಅವಳನ್ನು ಇವತ್ತಿಗೂ 'ಸೊಸೆ' ಎಂದೇ ಕರೆಯುತ್ತಿದ್ದರು. ಅತ್ತೆ ಅಷ್ಟು ಗಟ್ಟಿಯಾಗಿದ್ದರು.

"ಏನ್ರೀ ಅದು?"

"ಆಫೀಸಿಂದು."

"ಆಫೀಸಿಂದು ಅಂತ ನಂಗೂ ಕಾಣುತ್ತೆ, ಸೀಲು ಹೊಡೆದಿದ್ದಾರೆ. ಒಳಗೇನಿದೆ?"

"ಒಳಗೆ ನಾನಿದ್ದೀನಿ. ಅರವತ್ತು ತುಂಬಿದ ಮುದುಕ."

ಮಗಳು ತಟ್ಟೆ ಎತ್ತಿ ಕಾಗದ ಎಳೆದುಕೊಂಡಳು. ಮಾರ್ಚ್ ತಿಂಗಳ ಕೊನೆಯ ದಿನ ಅಪ್ಪನ ನಿವೃತ್ತಿ. ಇನ್ನು ನಾಲ್ಕೇ ತಿಂಗಳು. ಊರಿನ ಆರು ಬೀದಿಗಳಿಗೆ ನೀರು ಬಿಡುವುದು ಅವನ ಕೆಲಸ. ವಾಲ್ವು ತಿರುಗಿಸುವ ಆಳುದ್ದದ ಕಬ್ಬಿಣದ ಕೀಲಿಯನ್ನು ಹೆಗಲಿಗೇರಿಸಿ ಸೈಕಲ್ ಹತ್ತಿದನೆಂದರೆ ಬೀದಿಯ ಹೆಂಗಸರು ಒಲೆಯ ಮೇಲಿದ್ದದ್ದನ್ನು ಬಿಟ್ಟು ಕೊಡ ಹಿಡಿದು ಬರುತ್ತಿದ್ದರು. 'ನೀರಣ್ಣ' ಎಂದರೆ ಗೊತ್ತಿಲ್ಲದವರಿಲ್ಲ. ಮಗಳು ನರ್ಸಿಂಗ್ ಓದುತ್ತಿದ್ದಳು. ಅವಳ ಓದಿಗೆ ಇನ್ನೂ ಎರಡು ವರ್ಷವಿತ್ತು. ಕಾಗದ ಓದಿದವಳು ಮಡಿಸಿ ಮತ್ತೆ ತಟ್ಟೆಯ ಕೆಳಗೇ ಇಟ್ಟಳು.

ಆಗ ಅತ್ತೆ, ಗೋಡೆಗೊರಗಿ ಕೂತು ಉಣ್ಣುತ್ತಿದ್ದವರು, ಬಾಯಲ್ಲಿ ತುತ್ತಿಟ್ಟುಕೊಂಡೇ ಅಂದರು:

"ನಿಂಗೆಲ್ಲಿಂದ ಬಂತೋ ಅರವತ್ತು, ಚಿಕ್ಕೋನೇ? ಬಾವಿ ತೋಡಿದ ವರ್ಷ ಹುಟ್ಟಿದೋನು ನೀನು. ನಿನ್ನ ಹೊಟ್ಟೇಲಿಟ್ಕೊಂಡೇ ಬುಟ್ಟಿ ಬುಟ್ಟಿ ಮಣ್ಣು ಹೊತ್ತಿದ್ದೀನಿ."

ಹಿರಿಮಗನನ್ನು ಅವರು ಕರೆಯುತ್ತಿದ್ದದ್ದೇ ಹಾಗೆ, ಚಿಕ್ಕೋನು ಅಂತ. ಅವನ ಹೆಸರು ಹಿಡಿದು ಕರೆದದ್ದನ್ನು ಯಾರೂ ಕೇಳಿರಲಿಲ್ಲ. ಮದುವೆಯಾದ ಹೊಸದರಲ್ಲಿ ಸೊಸೆ ಯಾಕೆಂದು ಕೇಳಿದ್ದಳು. "ಹುಟ್ಟಿದಾಗ ಸಣ್ಣಗಿದ್ದ" ಅಂದಿದ್ದರು. ಈಗ ಅವನು ಕೂತರೆ ಕುರ್ಚಿ ನರಳುತ್ತಿತ್ತು.

ಮಗಳು ಎಂಜಲು ಕೈಯಲ್ಲೇ ಎದ್ದು ಟಾರ್ಚು ಹಿಡಿದು ಹಿತ್ತಿಲಿಗೆ ಹೋದಳು. ಬಾವಿಕಟ್ಟೆಯ ಕಲ್ಲಿನ ಮೇಲೆ ಇಸವಿ ಕೊರೆದಿತ್ತು. ದಿನಾ ಅದರ ಮೇಲೆ ಕೊಡ ಇಡುತ್ತಿದ್ದರು, ಯಾರೂ ಓದಿರಲಿಲ್ಲ.

"ಅಪ್ಪಾ!" ಅಲ್ಲಿಂದಲೇ ಕೂಗಿದಳು. "ನಿನ್ನ ಸರ್ಟಿಫಿಕೇಟಿಗಿಂತ ಬಾವಿ ಎರಡು ವರ್ಷ ಚಿಕ್ಕದು! ನಿಂಗೆ ಅರವತ್ತಲ್ಲ!"

"ಬಾವಿಗೆ ಸಂಬಳ ಕೊಡ್ತಾರಾ? ಬಾ ಒಳಗೆ, ಕೈ ತೊಳ್ಕೋ," ಅಂದ ಅವನು. ಆದರೆ ಮುಖ ಅರಳಿತ್ತು. ಮೂರನೇ ಸಲ ಅನ್ನ ಹಾಕಿಸಿಕೊಂಡ.

ಅತ್ತೆ ಮಾತ್ರ ಉಣ್ಣುವುದನ್ನು ನಿಲ್ಲಿಸಿದ್ದರು. "ನಂಗೇನು ನೆನಪಿರುತ್ತೆ? ಮುದುಕಿ ಏನೋ ಅಂದ್ಲು ಅಂತ ಕುಣೀಬೇಡಿ," ಎಂದು ಅರ್ಧ ಉಂಡ ತಟ್ಟೆಯನ್ನು ಹಸುವಿನ ಬಾನಿಗೆ ಸುರಿಯಲು ಎದ್ದರು.

ಅತ್ತೆಯ ತಟ್ಟೆಯಲ್ಲಿ ಅನ್ನ ಉಳಿದದ್ದನ್ನು ಸೊಸೆ ಅಲ್ಲಿಯವರೆಗೆ ನೋಡಿರಲಿಲ್ಲ.

*

ಕಚೇರಿ ಅಲೆಯುವ ಕೆಲಸ ಸೊಸೆಯ ತಲೆಗೇ ಬಂತು. ಗಂಡ ರಜ ಹಾಕಿದರೆ ಆರು ಬೀದಿಗೆ ನೀರಿಲ್ಲ. ಮಗಳಿಗೆ ಕಾಲೇಜು. ಸೊಸೆ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡವಳು, ಮನೆಯಲ್ಲಿರುವವಳು ಎಂದರೆ ಬಿಡುವಾಗಿರುವವಳು ಎಂದೇ ಎಲ್ಲರ ಲೆಕ್ಕ. ಯಂತ್ರದ ಮೇಲೆ ಹಳೇ ಹೊದಿಕೆ ಮುಚ್ಚಿ ಅವಳು ಬಸ್ಸು ಹತ್ತಿದಳು.

ಜನನ ಮರಣದ ಕಚೇರಿಯ ಗುಮಾಸ್ತ ಹಣೆಯ ಮೇಲೆ ಕನ್ನಡಕ ಏರಿಸಿಕೊಂಡು ಅದನ್ನೇ ಹುಡುಕುವ ಪೈಕಿ. ಒಂದೂವರೆ ಗಂಟೆ ಕಾಯಿಸಿ ಒಳಗಿನಿಂದ ಹೊಟ್ಟೆಯಷ್ಟು ದಪ್ಪದ ಪುಸ್ತಕ ಅಪ್ಪಿಕೊಂಡು ಬಂದ. ಹಾಳೆಗಳು ಒಣಗಿದ ಎಲೆಯ ಹಾಗೆ ಸದ್ದು ಮಾಡಿದವು.

"ನೋಡಿಮ್ಮ. ಮಾರ್ಚ್ ಹನ್ನೊಂದು. ಗಂಡು. ತಂದೆ, ತಾಯಿ, ಮಗುವಿನ ಹೆಸರು, ಹೇಳಿದೋರ ಹೆಬ್ಬೆಟ್ಟು. ಬೆರಳಿಟ್ಟು ತೋರಿಸೋ ಹಾಗೆ ಬರೆದಿದೆ. ತಪ್ಪೆಲ್ಲಿದೆ?"

"ಎರಡು ವರ್ಷದ ಆಮೇಲೆ ಹುಟ್ಟಿದ್ದು ಸಾರ್. ಬಾವಿ ತೋಡಿದ ವರ್ಷ."

"ಬಾವಿ ಬಂದು ಸಾಕ್ಷಿ ಹೇಳುತ್ತಾ? ಹುಟ್ಟೋಕೆ ಎರಡು ವರ್ಷ ಮುಂಚೆ ಯಾರಾದ್ರೂ ಬಂದು ಬರೆಸ್ತಾರಾ?"

ಸೊಸೆ ಪುಸ್ತಕದ ಮೇಲೆ ಬಾಗಿದಳು. ಅವಳ ಕಣ್ಣು ಅದೇ ಹಾಳೆಯ ಕೆಳಗಡೆ ಇನ್ನೊಂದು ಮಗುವಿನ ಸಾಲಿನ ಮೇಲೆ ನಿಂತಿತ್ತು. ಆ ಸಾಲಿನ ಉದ್ದಕ್ಕೂ ಸ್ಕೇಲಿಟ್ಟು ಎಳೆದ ಕೆಂಪು ಗೆರೆ.

"ಇದೇನು ಸಾರ್?"

"ಅದಾ? ಆವಾಗೆಲ್ಲ ಹಾಗೆ ಮಾಡ್ತಿದ್ರು. ಮಗು ಹೋಯ್ತು ಅಂತ ಬಂದು ಬರೆಸಿದ್ರೆ ಹುಟ್ಟಿದ್ದರ ಮೇಲೆ ಗೆರೆ ಎಳೆದುಬಿಡೋರು." ಪುಸ್ತಕ ಮುಚ್ಚಿದ. "ಆ ಕಾಲದ್ದೇ ಬರವಣಿಗೆ ಏನಾದ್ರೂ ಇದ್ರೆ ತನ್ನಿ. ಇಲ್ಲಾಂದ್ರೆ ಮನೆಗೆ ಹೋಗಿ ಕೆಲಸ ನೋಡ್ಕೊಳ್ಳಿ."

ಮನೆಗೆ ಬಂದರೆ ಒಲೆ ತಣ್ಣಗಿತ್ತು. ಬಟ್ಟೆ ಕೊಟ್ಟವರು ಮೂರು ಸಲ ಬಂದು ಹೋಗಿದ್ದರು.

"ಅಜ್ಜಿ, ನೀನೇ ಬಂದು ಹೇಳಬಾರದಾ?" ಮಗಳು ಶುರು ಮಾಡಿದಳು. "ಹೆತ್ತೋಳಿಗೆ ಗೊತ್ತಿರಲ್ವಾ?"

"ಎಷ್ಟು ಸಲ ಹೇಳಲಿ, ನೆನಪಿಲ್ಲ ಅಂತ?"

"ಯಾವ ಹಸು ಯಾವ ತಿಂಗಳು ಈಯ್ತು ಅಂತ ಬಾಯಲ್ಲೇ ಇದೆ. ಮಗ ಹುಟ್ಟಿದ್ದು ನೆನಪಿಲ್ಲ!"

"ಹಸು ನಂಗೆ ತಿರುಗಿ ಮಾತಾಡಿಲ್ಲ," ಅಂದರು ಅತ್ತೆ. ಹುಲ್ಲಿನ ಕುಡುಗೋಲು ತಗೊಂಡು ಹೊರಗೆ ಹೋದರು. ಹುಲ್ಲು ಬೆಳಗ್ಗೆಯೇ ಕೊಯ್ದಾಗಿತ್ತು.

*

ಅತ್ತೆಗೆ ಒಂದು ಹೆಮ್ಮೆಯಿತ್ತು. ಬೀದಿಯ ಯಾವ ಹೆಂಗಸು ಸುಸ್ತು ಅಂದರೂ ಅದು ಹೊರಗೆ ಬರುತ್ತಿತ್ತು. "ಹೆರಿಗೆಗೆ ಐದೈದು ದಿನ ಬಿಟ್ಟರೆ ನಾನು ಡೇರಿಗೆ ಹಾಲು ಹಾಕೋದು ತಪ್ಪಿಸಿದೋಳಲ್ಲ." ಸದಸ್ಯತ್ವ ಮಾವನ ಹೆಸರಿನಲ್ಲಿತ್ತು, ಹಾಲು ಕರೆದು ಹೊತ್ತು ಹೆಬ್ಬೆಟ್ಟು ಒತ್ತಿದವರು ಅತ್ತೆ. ಎರಡು ದಿನ ಬಿಟ್ಟು, ಸೂಜಿಗೆ ದಾರ ಪೋಣಿಸುವಾಗ ಸೊಸೆಗೆ ಆ ಮಾತು ನೆನಪಾಯಿತು. ಕಣ್ಣು ಮಂಜಾಗಿ ದಾರ ನಾಲ್ಕು ಸಲ ತಪ್ಪಿತ್ತು. ಐದನೇ ಸಲ ಪೋಣಿಸದೆ ಎದ್ದಳು.

ಡೇರಿಯ ಕಾರ್ಯದರ್ಶಿ ಮೊದಲು ನಕ್ಕ. "ಅರವತ್ತು ವರ್ಷದ ಹಿಂದಿನ ಹಾಲು ಈಗ ಯಾಕಮ್ಮ? ಒಡೆದಿರುತ್ತೆ." ಆಮೇಲೆ ಹಿಂಡಿ ಮೂಟೆ ಇಡುವ ಕೋಣೆಯ ಬೀಗ ತೆಗೆದ. ಹಳೇ ಪುಸ್ತಕಗಳು ಅಟ್ಟದ ಮೇಲಿದ್ದವು. ಮುಂದಿನ ತಿಂಗಳು ಸುಡುವುದೆಂದು ಹಗ್ಗ ಕಟ್ಟಿಟ್ಟಿದ್ದರು.

ಮೂರು ದಿನ ಸೊಸೆ ಆ ಕೋಣೆಯಲ್ಲಿ ಕೂತಳು. ಹಿಂಡಿಯ ವಾಸನೆ, ಇಲಿಯ ವಾಸನೆ, ಹಳೇ ಶಾಯಿಯ ವಾಸನೆ. ದಿನಕ್ಕೆರಡು ಹೊತ್ತು, ಹೊತ್ತಿಗೊಂದು ಸಾಲು. ಸದಸ್ಯನ ನಂಬರು, ಲೀಟರು, ಹೆಬ್ಬೆಟ್ಟು. ಅವರ ನಂಬರು ಹತ್ತೊಂಬತ್ತು.

ಹೆಬ್ಬೆಟ್ಟು ಗುರುತು ಹಿಡಿಯುವುದು ಕಷ್ಟವಾಗಲಿಲ್ಲ. ಹನ್ನೆರಡು ವರ್ಷದವರಿದ್ದಾಗ ಅತ್ತೆಯ ಹೆಬ್ಬೆರಳಿಗೆ ಕುಡುಗೋಲು ಬಡಿದಿತ್ತು. ಎಲ್ಲಿ ಒತ್ತಿದರೂ ನೀಲಿಯ ನಡುವೆ ಅಡ್ಡಕ್ಕೆ ಒಂದು ಬಿಳಿ ಗೆರೆ ಬರುತ್ತಿತ್ತು. ಮಳೆಗಾಲ, ಬೇಸಿಗೆ, ಬಿತ್ತನೆ, ಕೊಯ್ಲು, ಯಾವ ಹಾಳೆ ತಿರುಗಿಸಿದರೂ ಆ ಗೆರೆ. ಜ್ವರದ ದಿನಗಳು ಇರಲಿಲ್ಲವೇ? ತವರಿಗೆ ಹೋಗುವುದು, ಮೈ ನೋವು, ಗಂಡನ ಜೊತೆ ಜಗಳ? ಪುಸ್ತಕದಲ್ಲಿ ಅದೊಂದೂ ಇಲ್ಲ. ಹಾಲಿದೆ, ಗೆರೆಯಿದೆ.

ಎರಡನೇ ದಿನ ಬಾವಿಯ ವರ್ಷದ ಪುಸ್ತಕ ಸಿಕ್ಕಿತು. ಜೂನ್ ತಿಂಗಳಲ್ಲಿ ಐದು ದಿನ ಗೆರೆಯಿಲ್ಲದ, ಅಗಲವಾದ, ಮಾವನ ಹೆಬ್ಬೆಟ್ಟು. ಆರನೇ ದಿನ ಮತ್ತೆ ಗೆರೆ. ಸೊಸೆ ಮಗಳ ಫೋನಿನಲ್ಲಿ ಫೋಟೋ ತೆಗೆದಳು. ಗಂಡ ಹುಟ್ಟಿದ್ದು ಇಲ್ಲಿ! ಎದ್ದು ಮನೆಗೆ ಓಡಬೇಕೆನಿಸಿತು. ಓಡಲಿಲ್ಲ. ಆ ಗುಮಾಸ್ತ ಕೇಳಿದ ಪ್ರಶ್ನೆ ಬೆನ್ನಿಗಂಟಿಕೊಂಡೇ ಇತ್ತು. ಮರುದಿನ ಅದಕ್ಕೂ ಎರಡು ವರ್ಷ ಹಿಂದಿನ ಪುಸ್ತಕ ಬಿಚ್ಚಿದಳು. ಮಾರ್ಚ್ ಹನ್ನೊಂದು. ಅಲ್ಲೂ ಐದು ದಿನ ಮಾವನ ಹೆಬ್ಬೆಟ್ಟು.

ಹಾಗಾದರೆ ಇದು ಯಾರು?

ಈಗ ಅವಳು ಒಂದೊಂದೇ ಸಾಲು ಓದಿದಳು. ಸಂಜೆ ಹಾಲು ಆರು ಲೀಟರು, ಆರು, ಆರು. ಮರುವರ್ಷದ ಪುಸ್ತಕದಲ್ಲಿ, ಜುಲೈ ಎರಡನೇ ತಾರೀಖು, ಐದಾಯಿತು. ಮಾರನೆ ದಿನವೂ ಐದು. ಹನ್ನೊಂದು ಸಂಜೆ ಐದೈದೇ. ಹದಿಮೂರನೇ ತಾರೀಖು ಬೆಳಗಿನ ಸಾಲಿನಲ್ಲಿ ಹತ್ತೊಂಬತ್ತು ಎಂದು ನಂಬರು ಬರೆದು ಮುಂದೆ ಖಾಲಿ ಬಿಟ್ಟಿದ್ದರು. ಅತ್ತೆಯ ಗೆರೆಯೂ ಇಲ್ಲ, ಮಾವನ ಹೆಬ್ಬೆಟ್ಟೂ ಇಲ್ಲ. ಅದೇ ದಿನ ಸಂಜೆ ಗೆರೆ ಬಂದಿತ್ತು. ಆರು ಲೀಟರು.

ಸೊಸೆ ಆ ಆರನ್ನು ಬಹಳ ಹೊತ್ತು ನೋಡಿ, ಅದರ ಮೇಲಿನ ಖಾಲಿ ಸಾಲಿನದ್ದೂ ಒಂದು ಫೋಟೋ ತೆಗೆದಳು.

"ಸಿಕ್ತೇನಮ್ಮ?" ಕಾರ್ಯದರ್ಶಿ ಬಾಗಿಲಲ್ಲಿ ನಿಂತಿದ್ದ.

"ಸಿಕ್ತು. ಈ ಮೂರು ಪುಸ್ತಕ ಮಾತ್ರ ಸುಡಬೇಡಿ."

*

ಅತ್ತೆ ಹಿತ್ತಿಲ ಬಾಗಿಲಲ್ಲಿ ಬಟಾಣಿ ಬಿಡಿಸುತ್ತಿದ್ದರು. ಸೊಸೆ ಎದುರಿಗೆ ಕೂತು ಒಂದು ಹಿಡಿ ಕಾಯಿ ಎಳೆದುಕೊಂಡಳು.

"ಅತ್ತೆ, ಬಾವಿ ತೋಡಿದ್ದರ ಹಿಂದಿನ ವರ್ಷ ಜುಲೈಲಿ ಹನ್ನೊಂದು ದಿನ ನೀವು ಒಂದೊಂದು ಲೀಟರು ಕಮ್ಮಿ ಹಾಕಿದ್ದೀರಿ."

ಅತ್ತೆಯ ಕೈ ನಿಲ್ಲಲಿಲ್ಲ. ಕಾಳು ಸಿಪ್ಪೆಯ ಬುಟ್ಟಿಗೂ ಸಿಪ್ಪೆ ಕಾಳಿನ ಪಾತ್ರೆಗೂ ಬೀಳತೊಡಗಿತು. ಸೊಸೆ ಆರಿಸಿ ಆರಿಸಿ ತೆಗೆದಿಟ್ಟಳು.

"ಒಂದು ಲೀಟರು ಎಲ್ಲಿ ಕುಡೀತಿದ್ದ?" ಅತ್ತೆ ಕೊನೆಗೂ ಅಂದರು. "ಒಂದು ಚಮಚ ಕುಡಿದು ಎರಡು ಚಮಚ ಕಕ್ಕೋನು. ಆದ್ರೂ ತೆಗೆದಿಡ್ತಿದ್ದೆ. ಕೇಳಿದಾಗ ಇಲ್ಲ ಅನ್ನಬಾರದಲ್ಲ."

"ಅವತ್ತು ಬೆಳಗ್ಗೆ?"

"ಕರೀಲಿಲ್ಲ. ಕರು ಬಿಟ್ಟೆ. ಅವತ್ತೊಂದು ದಿನ ಆ ಕರು ಹೊಟ್ಟೆ ತುಂಬ ಕುಡೀತು."

"ಸಂಜೆ ಹೋಗಿದ್ದೀರಲ್ಲ, ಅತ್ತೆ."

"ಇನ್ನೇನು ಮಾಡಲಿ? ಹಸುವಿಗೇನು ಗೊತ್ತಾಗುತ್ತೆ? ಕೆಚ್ಚಲು ಬಿಗಿದು ಕೂಗ್ತಿತ್ತು. ನಿಮ್ಮ ಮಾವ ಹೊಲದ ಮೂಲೇಲಿ ಮಣ್ಣು ಮಾಡಿ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದ್ರು. ತೆಗೆದಿಡೋಕೆ ಯಾರಿದ್ರು? ಎಲ್ಲ ಹಾಕಿದೆ. ಹಾಲು ಅಳೆಯೋನು ಕೇಳಿದ, ಬೆಳಗ್ಗೆ ಯಾಕೆ ಬರಲಿಲ್ಲ ಅಂತ. ಹಸು ಒದೀತು ಅಂದೆ."

ಆಮೇಲೆ ಉಳಿದದ್ದೂ ಬಂತು, ಬಿಟ್ಟು ಬಿಟ್ಟು. ಅತ್ತೆ ಚಿಕ್ಕವರಿದ್ದಾಗ ಅವರ ತಂಗಿ ತೀರಿಕೊಂಡಿದ್ದಳು. ಬರೆಸಲು ಅಪ್ಪನ ಜೊತೆ ಕಚೇರಿಗೆ ಹೋಗಿದ್ದರು. "ಆ ಗುಮಾಸ್ತ ಸ್ಕೇಲಿಟ್ಟು ಕೆಂಪು ಗೆರೆ ಎಳೆದ ಕಣೇ. ತಪ್ಪು ಬರೆದದ್ದನ್ನ ಹೊಡೆದುಹಾಕ್ತಾರಲ್ಲ, ಹಾಗೆ. ಅವಳು ಹುಟ್ಟಿದ್ದೇ ತಪ್ಪು ಅನ್ನೋ ಹಾಗೆ. ಅದಕ್ಕೇ ಇವನದ್ದು ಬರೆಸಲೇ ಇಲ್ಲ. ಆಗಿನ್ನೂ ಈ ಬೀದಿ ಎಲ್ಲಿತ್ತು? ಹೊಲದ ಮನೆ, ಅಕ್ಕಪಕ್ಕ ಯಾರು? ಗೊತ್ತಿದ್ದೋರು ಒಬ್ಬೊಬ್ಬರೇ ಹೋದ್ರು. ಚಿಕ್ಕೋನು ಹುಟ್ಟಿದ. ಶಾಲೆಯೋರು ಜನನ ಚೀಟಿ ಕೇಳಿದ್ರು. ಮನೇಲಿ ಒಂದು ಚೀಟಿ ಇತ್ತಲ್ಲ, ಕೊಟ್ಟೆ. ಇಬ್ಬರೂ ಅದರಲ್ಲೇ ಇರಲಿ ಅಂತ."

ಸೊಸೆ ಬುಟ್ಟಿ ಬದಿಗಿಟ್ಟಳು. "ಅತ್ತೆ, ನೀವು ಒಂದು ಸಲ ಬಂದು ಇದನ್ನ ಹೇಳಿದ್ರೆ..."

"ಇಲ್ಲ."

"ಇವರಿಗೆ ಎರಡು ವರ್ಷ ಮೂರು ತಿಂಗಳು ಸಿಗುತ್ತೆ. ಅವಳ ಓದು ಮುಗಿಯುತ್ತೆ."

"ಅವನು ಸತ್ತ ಅಂತ ನನ್ನ ಬಾಯಲ್ಲಿ ಹೇಳಿಸಬೇಡ. ಹೇಳಿಸಿಬಿಟ್ಟು ಸಂಬಳ ಇಸ್ಕೋಬೇಡಿ."

ಬಟಾಣಿ ಮುಗಿದಿತ್ತು. ಅತ್ತೆ ಖಾಲಿ ಸಿಪ್ಪೆಗಳನ್ನೇ ಮತ್ತೆ ಬಿಡಿಸುತ್ತಿದ್ದರು.

*

ಗಂಡನಿಗೆ ಹೇಳಿದ್ದು ಎರಡು ದಿನ ಬಿಟ್ಟು, ಊಟಕ್ಕೆ ಕೂತಾಗ. ಅತ್ತೆ ಉಂಡು ತಮ್ಮ ಕೋಣೆ ಸೇರಿದ್ದರು. ಅವನು ಫೋನನ್ನು ದೂರ ಹಿಡಿದು ಫೋಟೋ ನೋಡಿದ.

"ಇದೇನು, ಖಾಲಿ ಇದೆ?"

"ಅದೇ ರೀ. ಆ ಬೆಳಗ್ಗೆ."

ಬೆರಳಿಂದ ಫೋಟೋ ಹಿಗ್ಗಿಸಿದ. ಖಾಲಿ ಜಾಗ ದೊಡ್ಡದಾಯಿತು, ಅಷ್ಟೆ. ಫೋನು ಕೆಳಗಿಟ್ಟು ಲೋಟದ ನೀರೆಲ್ಲ ಕುಡಿದ.

"ಅಣ್ಣ ಒಬ್ಬ ಇದ್ದ ಅಂತ ಗೊತ್ತಿದ್ದಿದ್ರೆ," ಅಂದ, "ಆ ಬಾವಿ ನೀರೆಲ್ಲ ಅವನ ಕೈಲೇ ಸೇದಿಸ್ತಿದ್ದೆ. ನಾನು ಅರಾಮಾಗಿ ತಿರುಗ್ತಿದ್ದೆ."

ಯಾರೂ ನಗಲಿಲ್ಲ. ಅವನೂ ನಗಲಿಲ್ಲ.

"ಅಪ್ಪ, ನೀನು ಹೇಳಿದ್ರೆ ಅಜ್ಜಿ ಬರ್ತಾಳೆ," ಅಂದಳು ಮಗಳು.

"ನಾನು ಹೇಳಲ್ಲ."

"ಯಾಕೆ ಹೇಳಲ್ಲ? ನನ್ನ ಓದೇನು ಅರ್ಧಕ್ಕೆ ನಿಲ್ಲಬೇಕಾ? ಒಂದು ವರ್ಷದ ಮಗು, ಅರವತ್ತು ವರ್ಷದ ಹಿಂದೆ ಹೋಗಿದೆ. ಆಸ್ಪತ್ರೇಲಿ ನಾನು ವಾರಕ್ಕೊಂದು..."

"ಸಾಕು!"

ಅವನು ತಟ್ಟೆಗೆ ಕೈ ಬಡಿದ ರಭಸಕ್ಕೆ ಬೇಳೆ ಗೋಡೆಗೆ ಹಾರಿತು. ಮಗಳ ಮೇಲೆ ಅವನು ದನಿ ಎತ್ತಿದ್ದೇ ಇಲ್ಲ. ಅವಳು ಎದ್ದು ಹೋದಳು. ಅವನೂ ಎದ್ದ. ಗೋಡೆ ಒರೆಸಲು ಉಳಿದವಳು ಸೊಸೆ.

"ಎಲ್ಲರಿಗೂ ಕೋಪ ಬರುತ್ತೆ," ಒದ್ದೆ ಬಟ್ಟೆ ಹಿಂಡುತ್ತಾ ಅವಳು ಗೋಡೆಗೆ ಹೇಳಿದಳು. "ನಂಗೆ ನಿದ್ದೆ ಬರುತ್ತೆ."

ಆದರೂ ಆ ವಾರ ಗಂಡ ತಾನೇ ತನ್ನ ಇಲಾಖೆಯ ದೊಡ್ಡ ಕಚೇರಿಗೆ ಹೋಗಿ ಬಂದ. ಅಮ್ಮನನ್ನು ಕೇಳುವ ಮೊದಲು, ಕೇಳಿದರೆ ಉಪಯೋಗವಿದೆಯೋ ನೋಡೋಣ ಎಂದು. ಸಂಜೆ ಬಂದವನು ಸೈಕಲ್ಲನ್ನು ಬಾವಿಕಟ್ಟೆಗೆ ಒರಗಿಸಿ ಅಲ್ಲೇ ಕೂತ. ಸೊಸೆ ಚಹಾ ತಂದಳು.

"ಆಗಲ್ವಂತೆ. ವಯಸ್ಸು ತಿದ್ದಿಸೋದಿದ್ರೆ ನಿವೃತ್ತಿಗೆ ಐದು ವರ್ಷ ಇರುವಾಗಲೇ ಬರಬೇಕಿತ್ತಂತೆ. ಆಮೇಲೆ ಯಾವ ದೇವರು ಬಂದು ಬರೆದುಕೊಟ್ರೂ ಮುಟ್ಟಲ್ಲ ಅಂದ್ರು."

"ಮೊದಲನೇ ದಿನವೇ ಇದನ್ನ ಕೇಳಬಹುದಿತ್ತಲ್ರೀ."

"ಕೇಳಬಹುದಿತ್ತು."

ಮೂರು ವಾರ, ಒಂಬತ್ತು ಸಲ ಬಸ್ಸು, ಬೇರೆ ಕಡೆ ಹೋದ ನಾಲ್ಕು ಜನರ ಬಟ್ಟೆ. ಅವಳು ಅಷ್ಟನ್ನೂ ಮನಸ್ಸಿನಲ್ಲೇ ಕೂಡಿದಳು. ಅವನ ಪಕ್ಕದಲ್ಲಿ ಕಲ್ಲಿನ ಮೇಲೆ ಕೂತಳು. ಇಬ್ಬರ ನಡುವೆ ಇಸವಿ ಇತ್ತು.

ಮುಂದಿನದು ಮಾತಿಲ್ಲದೆಯೇ ತೀರ್ಮಾನವಾಯಿತು. ಸೊಸೆ ಶಾಲೆಯೊಂದರ ಸಮವಸ್ತ್ರ ಹೊಲಿಯಲು ಒಪ್ಪಿಕೊಂಡಳು, ಇನ್ನೂರು ಜೊತೆ. ಗಂಡ ಮಾರ್ಚ್ ಕಳೆದ ಮೇಲೆ ಯಾವುದೋ ಕಟ್ಟಡದ ನೀರಿನ ಟ್ಯಾಂಕು ನೋಡಿಕೊಳ್ಳಲು ಮಾತಾಡಿ ಬಂದ. ಮಗಳು ಮೂರು ದಿನ ಮುಖ ಊದಿಸಿಕೊಂಡಿದ್ದು, ನಾಲ್ಕನೇ ದಿನ ಕಾಜಾ ಹೊಲಿಯಲು ಅಮ್ಮನ ಪಕ್ಕ ಕೂತಳು.

"ನೇರ ಬರ್ತಿಲ್ಲ," ಅಂದಳು.

"ಚುಚ್ಚೋದು ಕಲೀತಿದ್ದೀಯಲ್ಲ, ಇದೂ ಅಷ್ಟೇ," ಅಂದಳು ಅಮ್ಮ.

*

ಹತ್ತು ದಿನ ಕಳೆದಿರಬೇಕು. ಬೆಳಗ್ಗೆ ಸೊಸೆ ಕಸ ಗುಡಿಸಲು ಬಂದರೆ ಅತ್ತೆ ಹೊಸ್ತಿಲ ಮೇಲೆ ಕೂತಿದ್ದರು. ತಲೆ ಬಾಚಿತ್ತು. ಹೊರಗೆ ಹೋಗುವಾಗ ಉಡುವ ಬಟ್ಟೆ. ಕಾಲಿಗೆ ಚಪ್ಪಲಿ.

"ಎಲ್ಲಿಗೆ ಅತ್ತೆ?"

"ಆಫೀಸಿಗೆ. ಅದೇನು ಬರೆಸ್ಬೇಕೋ ಬರೆಸ್ತೀನಿ."

ಸೊಸೆ ಪೊರಕೆ ಗೋಡೆಗೊರಗಿಸಿದಳು. ಒಳಗೆ ಮೇಜಿನ ಮೇಲೆ ನಲವತ್ತು ಕಾಲರು ಕತ್ತರಿಸಿ ಕಾಯುತ್ತಿದ್ದವು. "ಈಗ ಬರೆಸಿದ್ರೆ ಏನೂ ಸಿಗಲ್ಲ ಅತ್ತೆ. ಎಲ್ಲ ಮುಗೀತು. ನಿಮ್ಮ ಮಗ ಹೇಳಲಿಲ್ವಾ?"

"ಹೇಳಿದ. ಅದಕ್ಕೇ ಹೊರಟಿದ್ದು." ಅತ್ತೆ ಮೊಣಕಾಲು ಹಿಡಿದು ಎದ್ದರು. "ಸಂಬಳಕ್ಕೋಸ್ಕರ ಅವನನ್ನ ಸತ್ತ ಅನ್ನೋಕೆ ಬಾಯಿ ಬರಲಿಲ್ಲ. ಈಗ ಯಾರಿಗೂ ಏನೂ ಸಿಗಲ್ವಲ್ಲ. ಇಷ್ಟು ವರ್ಷ ಆ ಮಗು ಚಿಕ್ಕೋನ ವಯಸ್ಸಿನೊಳಗೇ ಸಿಕ್ಕಿಹಾಕ್ಕೊಂಡಿದೆ. ಶಾಲೆಗೆ ಕಳಿಸಿದೆ, ಕೆಲಸಕ್ಕೆ ಕಳಿಸಿದೆ. ಇನ್ನು ನಿವೃತ್ತಿ ಬೇರೆ ಮಾಡಿಸ್ಲಾ? ಒಂದು ವರ್ಷದ ಕೂಸು ಕಣೇ ಅದು. ನಡಿ, ಬಸ್ಸು ತಪ್ಪುತ್ತೆ."

ಸೊಸೆ ಕಾಲರುಗಳ ಮೇಲೆ ಹೊದಿಕೆ ಮುಚ್ಚಿದಳು.

ಗುಮಾಸ್ತ ಅವಳನ್ನು ನೋಡಿದ್ದೇ ನಿಟ್ಟುಸಿರು ಬಿಟ್ಟ. ಹಿಂದೆ ನಿಂತಿದ್ದ ಮುದುಕಿಯನ್ನು ನೋಡಿ ಸ್ಟೂಲು ತಳ್ಳಿದ. ಡೇರಿಯಿಂದ ತಂದಿದ್ದ ಮೂರು ಪುಸ್ತಕಗಳನ್ನು ಹಿಂದುಮುಂದು ತಿರುಗಿಸಿದ. ಕನ್ನಡಕ ಹಣೆಯಿಂದ ಕಣ್ಣಿಗೆ ಇಳಿಯಿತು. ಒಳಗೆ ಹೋಗಿ ದೊಡ್ಡವರನ್ನು ಕೇಳಿ ಬಂದ. ಒಂದು ಫಾರಂ ಎಳೆದುಕೊಂಡ.

"ತೀರಿಕೊಂಡವರ ಹೆಸರು?"

ಅತ್ತೆ ಹೆಸರು ಹೇಳಿದರು.

ಮೂವತ್ತೊಂದು ವರ್ಷದಲ್ಲಿ ಸೊಸೆ ಆ ಹೆಸರನ್ನು ಸಂಬಳದ ಚೀಟಿಯಲ್ಲಿ ನೋಡಿದ್ದಳು, ಪೋಸ್ಟಿನವನ ಬಾಯಲ್ಲಿ ಕೇಳಿದ್ದಳು, ಮದುವೆಯ ಕಾಗದದಲ್ಲಿ ತನ್ನ ಹೆಸರಿನ ಪಕ್ಕದಲ್ಲೇ ಓದಿದ್ದಳು. ಅತ್ತೆಯ ಬಾಯಿಂದ ಕೇಳಿದ್ದು ಅದೇ ಮೊದಲು. ಜೋರಾಗಿ ಹೇಳಿದರು, ಹೊಲದಾಚೆ ಆಡುತ್ತಿರುವವನನ್ನು ಊಟಕ್ಕೆ ಕೂಗುವ ಹಾಗೆ. ಸಾಲಿನಲ್ಲಿದ್ದವರು ತಿರುಗಿ ನೋಡಿದರು.

"ವಯಸ್ಸು?"

"ಒಂದು ವರ್ಷ ನಾಲ್ಕು ತಿಂಗಳು ಎರಡು ದಿನ."

"ಕಾರಣ?"

"ಹೊಟ್ಟೇಲಿ ಹಾಲು ನಿಲ್ಲಲಿಲ್ಲ."

ಗುಮಾಸ್ತ ಒಂದು ಕ್ಷಣ ಪೆನ್ನು ಎತ್ತಿದ. ಆಮೇಲೆ ಏನೋ ಬರೆದ. ಬೆರಳಿನ ಯಂತ್ರ ಮುಂದಿಟ್ಟ. ಅತ್ತೆ ಹೆಬ್ಬೆರಳಿಟ್ಟರೆ ಅದು ಕೆಂಪು ದೀಪ ತೋರಿಸಿ ಕೂಗಿತು. ಮೂರು ಸಲ ಇಟ್ಟರು, ಮೂರು ಸಲವೂ ಕೂಗಿತು.

"ಬೆರಳು ಸವೆದಿದೆ. ಮಸಿಯಲ್ಲೇ ಒತ್ತಿಸಿ."

ಒಳಗಿನಿಂದ ಆ ಹಳೇ ಪುಸ್ತಕವೂ ಬಂತು. ಮಾರ್ಚ್ ಹನ್ನೊಂದರ ಸಾಲಿನ ಮೇಲೆ ಸೊಸೆ ಬೆರಳಿಟ್ಟು ತೋರಿಸಿದಳು. ಓದಲು ಬಾರದಿದ್ದರೂ ಅತ್ತೆ ಅದರ ಮೇಲೆ ಬಾಗಿದರು.

"ಗೆರೆ ಎಳೀತೀರಾ?" ಕೇಳಿದರು.

"ಯಾವ ಗೆರೆ ಅಜ್ಜಿ?"

"ಕೆಂಪು ಗೆರೆ."

"ಅದೆಲ್ಲ ಬಿಟ್ಟು ಎಷ್ಟೋ ವರ್ಷವಾಯ್ತು. ಈಗ ಪಕ್ಕದಲ್ಲಿ ಬರೀತೀವಿ, ಅಷ್ಟೇ. ಹೆಸರು ಹೆಸರಿನ ಜಾಗದಲ್ಲೇ ಇರುತ್ತೆ."

"ಎಷ್ಟು ವರ್ಷವಾಯ್ತು?"

"ನಾನು ಕೆಲಸಕ್ಕೆ ಸೇರೋಕೆ ಮುಂಚೆನೇ. ಮೂವತ್ತು, ನಲವತ್ತು ವರ್ಷ ಆಗಿರಬೇಕು. ಯಾಕಜ್ಜಿ?"

"ಯಾರೂ ಹೇಳಲಿಲ್ಲ," ಅಂದರು ಅತ್ತೆ. ಸೊಸೆಯ ಕಡೆ ತಿರುಗಿ ಮತ್ತೊಮ್ಮೆ, ಮೆಲ್ಲಗೆ, "ಯಾರೂ ಹೇಳಲಿಲ್ಲ ನೋಡು."

ಮಸಿಯ ಡಬ್ಬಿ ತೆರೆದರು. ಸೊಸೆ ಅತ್ತೆಯ ಕೈ ಹಿಡಿದುಕೊಂಡಳು. ಒಣ ಕಟ್ಟಿಗೆಯಷ್ಟು ಹಗುರವಾಗಿತ್ತು ಕೈ. ಹೆಬ್ಬೆರಳು ಮಸಿಗೆ ಇಳಿಯಿತು, ಕಾಗದಕ್ಕೆ ಇಳಿಯಿತು. ಗುಮಾಸ್ತ ಫಾರಂ ತಿರುಗಿಸಿಕೊಂಡು ನೋಡಿ ನಾಲಿಗೆ ಲೊಚಗುಟ್ಟಿದ.

"ಸರಿಯಾಗಿ ಬಂದಿಲ್ಲ. ಮಧ್ಯದಲ್ಲಿ ಗೆರೆ ಬಿದ್ದಿದೆ. ಇನ್ನೊಂದು ಸಲ ಒತ್ತಿ."

"ಎಷ್ಟು ಸಲ ಒತ್ತಿದ್ರೂ ಅದು ಬರುತ್ತೆ ಸಾರ್," ಅಂದಳು ಸೊಸೆ. "ಅದು ಅವರದ್ದೇ."

ಅತ್ತೆ ಸ್ಟೂಲಿನಿಂದ ಎದ್ದಾಗಿತ್ತು. ಮಸಿಯ ಬೆರಳನ್ನು ಬಟ್ಟೆಗೆ ತಾಗದ ಹಾಗೆ ದೂರ ಹಿಡಿದುಕೊಂಡು ಬಾಗಿಲ ಬೆಳಕಿನಲ್ಲಿ ಹೊತ್ತೆಷ್ಟಾಯಿತೆಂದು ನೋಡಿದರು.

"ನಡಿ," ಅಂದರು. "ಹಾಲು ಕರೆಯೋ ಹೊತ್ತಿಗೆ ಮನೆ ಸೇರಬೇಕು."